ಹದಿಮೂರನೆಯ ಫಾರಂ

ಅವಳಿಗೆ ಜಗಳವಾಡಲು ಯಾರೂ ಇರಲಿಲ್ಲ. ಗಂಡ ಇದ್ದ, ಆದರೆ ಹದಿನಾಲ್ಕು ತಿಂಗಳಿಂದ ಮಾತು ಬಿಟ್ಟಿದ್ದ. ಅವನು ಲಿಫ್ಟ್ ರಿಪೇರಿ ಮಾಡುವವನು. ಕಂಪನಿಯ ಇಂಜಿನಿಯರು ಒಮ್ಮೆ ಮನೆಗೆ ಬಂದಾಗ ಗಂಡ ಯಾವುದೋ ಕೆಲಸದ ಬಗ್ಗೆ ಕೊಚ್ಚಿಕೊಳ್ಳುತ್ತಿದ್ದ. ಅದು ಆದದ್ದು ಹಾಗಲ್ಲವಲ್ಲ ಎಂದು ಅವಳು ನಕ್ಕಳು. ಇಂಜಿನಿಯರೂ ನಕ್ಕ. ಅಷ್ಟೇ. ಆತ ಹೋದ ಮೇಲೆ ಗಂಡ ಬಾಗಿಲು ಹಾಕಿ, ಇನ್ನು ನಿನಗೂ ನನಗೂ ಮಾತಿಲ್ಲ ಎಂದ. ಕುಡಿಯುವವನಲ್ಲ, ಹೊಡೆಯುವವನಲ್ಲ, ಆಡಿದ ಮಾತಿಗೆ ತಪ್ಪುವವನೂ ಅಲ್ಲ.

ಮನೆಯ ಮಾತೆಲ್ಲ ಒಂಬತ್ತು ವರ್ಷದ ಮಗಳ ಮೂಲಕ ಸಾಗುತ್ತಿತ್ತು. ಅಮ್ಮನಿಗೆ ಹೇಳು, ಶರ್ಟಿನ ಗುಂಡಿ ಹೋಗಿದೆ. ಅಪ್ಪನಿಗೆ ಹೇಳು, ಗ್ಯಾಸ್ ಮುಗಿದಿದೆ. ಮೂವರೂ ಮಾರುದೂರದಲ್ಲಿ ಕೂತಿದ್ದರೂ ಹೀಗೆಯೇ. ಮಗಳಿಗೆ ಮೊದಮೊದಲು ಅದು ಆಟವಾಗಿತ್ತು. ಈಚೆಗೆ ಶಾಲೆಯಿಂದ ಕರೆ ಬಂತು. ಪಾಠ ಒಪ್ಪಿಸುತ್ತಾಳೆ, ಬೇರೆಯವರು ಅಂದದ್ದನ್ನು ಅಕ್ಷರ ಬಿಡದೆ ಹೇಳುತ್ತಾಳೆ, ನಿನಗೇನು ಬೇಕು ಎಂದರೆ ಮಾತ್ರ ಬಾಯಿ ಬಿಡುವುದಿಲ್ಲ ಎಂದರು ಟೀಚರು. ನಾಲ್ಕು ತಿಂಗಳಾಯಿತಂತೆ ಹೀಗೆ. "ಮನೇಲಿ ಎಲ್ಲ ಸರಿ ಇದೆಯಾ?" ಎಂದು ಕೇಳಿದರು. ಸರಿ ಇದೆ ಎಂದು ಹೇಳಿ ಅವಳು ಎದ್ದು ಬಂದಳು. ದಾರಿಯುದ್ದಕ್ಕೂ ಮಗಳು ಕೈ ಹಿಡಿದಿದ್ದಳು.

ಅವಳ ಕೆಲಸ ಬೈಂಡಿಂಗ್ ಶಾಪಿನಲ್ಲಿ. ಪ್ರೆಸ್ಸಿನಿಂದ ದೊಡ್ಡ ಹಾಳೆಗಳು ಬರುತ್ತವೆ. ಮಡಿಸಿದರೆ ಒಂದೊಂದು ಹಾಳೆಯೂ ಹದಿನಾರು ಪುಟದ ಒಂದು ಫಾರಂ. ಎಲ್ಲ ಫಾರಂ ಬಂದ ಮೇಲೆ ಗುಡ್ಡೆಗಳನ್ನು ಉದ್ದನೆಯ ಮೇಜಿನ ಮೇಲೆ ಸಾಲಾಗಿ ಇಟ್ಟು, ಹೆಂಗಸರು ಮೇಜು ಸುತ್ತುತ್ತ ಒಂದೊಂದು ಎತ್ತಿಕೊಂಡರೆ ಸುತ್ತು ಮುಗಿಯುವಾಗ ಕೈಯಲ್ಲೊಂದು ಪುಸ್ತಕ. ಆರು ವರ್ಷದಲ್ಲಿ ಅವಳ ಕೈ ದಾಟಿದ್ದೆಲ್ಲ ಪರೀಕ್ಷೆಯ ಗೈಡು, ಸಂಘಗಳ ವರದಿ. ಈ ಸಲ ಬಂದದ್ದು ಕಾದಂಬರಿ. ಸಾವಿರ ಪ್ರತಿ, ಹದಿನಾಲ್ಕು ಫಾರಂ, ದಿನಕ್ಕೊಂದು.

ನಾಯಕಿ ಹಲ್ಲಿನ ಡಾಕ್ಟರು. ಅವಳ ಕ್ಲಿನಿಕ್ಕಿನ ಮೇಲೆ ಡ್ರಮ್ ಕಲಿಸುವ ಮೇಷ್ಟ್ರು. ಸದ್ದಿಗೆ ಡಾಕ್ಟರ ಕೈ ನಡುಗುತ್ತದೆ, ದೂರು ಕೊಡುತ್ತಾಳೆ; ಮರುದಿನ ಮೇಷ್ಟ್ರಿಗೇ ಹಲ್ಲುನೋವು. ಬಾಯಿ ತೆರೀರಿ ಎನ್ನುತ್ತಾಳೆ ಅವಳು. ತೆರೆದರೆ ನೀವೇ ಮುಚ್ಚು ಅಂತೀರಿ ಎನ್ನುತ್ತಾನೆ ಅವನು. ಅಲ್ಲಿಂದ ಶುರುವಾದ ಕಚ್ಚಾಟ ನಿಲ್ಲುವುದೇ ಇಲ್ಲ. ಪ್ರೀತಿ ಎಂಬ ಶಬ್ದ ಆರನೇ ಫಾರಂವರೆಗೆ ಒಮ್ಮೆಯೂ ಬರಲಿಲ್ಲ. ಊಟದ ಬಿಡುವಿನಲ್ಲಿ ಅವಳು ಇದನ್ನು ಸೂಜಿಯಕ್ಕನಿಗೆ ಓದಿ ಹೇಳುತ್ತಿದ್ದಳು. ಸೂಜಿಯಕ್ಕ ಫಾರಂಗಳನ್ನು ಹೊಲಿಯುವವಳು. ಮೂವತ್ತು ವರ್ಷ ಪುಸ್ತಕ ಹೊಲಿದರೂ ಓದು ಬಾರದು. ನಗುತ್ತ ನಗುತ್ತ ತುತ್ತು ನೆತ್ತಿಗೇರಿಸಿಕೊಂಡು ಒಂದು ದಿನ ಹೇಳಿದಳು: "ಇವರಿಬ್ರಿಗೂ ಮದ್ವೆ ಆದ್ಮೇಲೆ ಆಡೋಕೆ ಮಾತೇ ಉಳಿಯಲ್ಲ ಕಣೇ. ಎಲ್ಲಾ ಈಗ್ಲೇ ಖರ್ಚು ಮಾಡ್ತಿದಾರೆ."

ಅವಳು ನಗಲಿಲ್ಲ.

ಪ್ರತಿ ಫಾರಮ್ಮಿಗೂ ಹತ್ತಿಪ್ಪತ್ತು ಹಾಳೆ ಹೆಚ್ಚು ಬರುತ್ತದೆ: ಮಸಿ ಚೆಲ್ಲಿದ್ದು, ಸೊಟ್ಟ ಬಿದ್ದದ್ದು. ಅದು ರದ್ದಿ, ಒಂದೆರಡು ಮನೆಗೆ ಒಯ್ದರೆ ಯಾರೂ ಕೇಳುವುದಿಲ್ಲ. ಏಳನೆಯ ಫಾರಮ್ಮಿನ ಹೊತ್ತಿಗೆ ಅವಳು ಹಿಂದಿನವನ್ನೂ ಸೇರಿಸಿ ಚೀಲದಲ್ಲಿ ತಂದಳು. ಸಂಜೆ ಮಗಳನ್ನು ಕೂರಿಸಿಕೊಂಡು, ಡಾಕ್ಟರ ಮಾತು ನನ್ನದು, ಮೇಷ್ಟ್ರದು ನಿನ್ನದು ಎಂದಳು. ಮಗಳು ಮೊದಲ ಪುಟ ಒಪ್ಪಿಸಿದಂತೆ ಓದಿದಳು. ಮೂರನೇ ಪುಟಕ್ಕೆ ಕಾಲು ಅಲ್ಲಾಡಿಸತೊಡಗಿದಳು. ಆಮೇಲೆ ಹುಬ್ಬು ಹಾರಿಸಿ, ಕೊಬ್ಬಿನಿಂದ, ಮೇಷ್ಟ್ರೇ ಆಗಿಬಿಟ್ಟಳು. ಒಳಕೋಣೆಯಲ್ಲಿ ಗಂಡ ಟೀವಿಯ ಸದ್ದು ಕಡಿಮೆ ಮಾಡಿದ.

ಮರುದಿನ ಭಾನುವಾರ, ಇಡೀ ದಿನ ಓದಿ ತಂದದ್ದನ್ನೆಲ್ಲ ಮುಗಿಸಿದರು. ಎಂಟನೆಯ ಫಾರಂ ಡಾಕ್ಟರ ಮಾತಿಗೇ ಮುಗಿಯಿತು: ನನ್ನ ಕುರ್ಚಿಯಲ್ಲಿ ಕೂತವರು ಯಾರೂ ಇಷ್ಟು ಮಾತಾಡಿದ್ದಿಲ್ಲ. ಮೇಷ್ಟ್ರ ಉತ್ತರ ಮುಂದಿನ ಫಾರಮ್ಮಿನಲ್ಲಿ. ಅಮ್ಮ, ಮಗಳು ಹಾಳೆ ಎತ್ತಿಡುತ್ತಿದ್ದಾಗ ಬಾಗಿಲ ಬಳಿಯಿಂದ ಗಂಡನ ದನಿ ಬಂತು.

"ಬಾಯಿಗೆ ಹತ್ತಿ ತುರುಕಿದ್ರೆ ಯಾರು ಮಾತಾಡ್ತಾರೆ ಅನ್ಬೇಕು ಅವನು."

ಯಾರಿಗೆ ಅಂದನೋ, ಗೋಡೆಗೆ ಅಂದಂತಿತ್ತು. ಮಗಳು ಕಿಸಕ್ಕನೆ ನಕ್ಕಳು. ಮರುದಿನ ಒಂಬತ್ತನೆಯದನ್ನು ಓದುವಾಗ ಅವನು ಕುರ್ಚಿ ಎಳೆದುಕೊಂಡು ಕೂತ. ಎರಡು ಪುಟ ಕೇಳಿ, ಅವಳ ಮುಖ ನೋಡಿ ಹೇಳಿದ: "ನೀನು ಆ ಡಾಕ್ಟ್ರನ್ನ ತುಂಬಾ ಮೆತ್ತಗೆ ಓದ್ತೀಯ. ಅವಳು ಅಂಥೋಳಲ್ಲ."

ನೀನು ಎಂದಿದ್ದ. ಅವಳಿಗೆ ಮುಂದಿನ ಸಾಲು ಎಲ್ಲಿದೆಯೆಂದು ಕಾಣಲಿಲ್ಲ. ಮಗಳು ಬೆರಳಿಟ್ಟು ತೋರಿಸಿದಳು. ಆ ವಾರ ಮಗಳು ಬೇಳೆ ಸಾರು ಬೇಡ, ನನಗೆ ಮೊಸರು ಬೇಕು ಎಂದು ತಟ್ಟೆ ತಳ್ಳಿ ಹಟ ಹಿಡಿದಳು. ಅವಳು ಖುಷಿಯಿಂದ ಗದರಿದಳು.

ಹನ್ನೆರಡನೆಯದು ಮುಗಿದಾಗ ಡಾಕ್ಟರು ಮೇಷ್ಟ್ರನ್ನು ಕ್ಲಿನಿಕ್ಕಿನೊಳಗೆ ಕೂಡಿಹಾಕಿ, ಕೀಲಿ ಕೈಯಲ್ಲಿ ಹಿಡಿದು ಹೊರಗೆ ನಿಂತಿದ್ದಳು. "ನಾಳೆ ತರ್ತೀಯಲ್ಲ?" ಎಂದ ಗಂಡ. ತರುತ್ತೇನೆ ಎಂದಳು.

ಮರುದಿನ ಹದಿಮೂರರ ಕಟ್ಟು ಬಿಚ್ಚುವ ಮೊದಲೇ ಮಾಲೀಕ ಎಲ್ಲರನ್ನೂ ಕರೆದು ಎಚ್ಚರಿಸಿದ. ಪ್ರೆಸ್ಸಿನಲ್ಲಿ ಕಾಗದ ಸಾಲದೆ ಹೋಗಿತ್ತು. ಸರಿಯಾಗಿ ಸಾವಿರ ಹಾಳೆ, ಹೆಚ್ಚುವರಿ ಒಂದೂ ಇಲ್ಲ. ಒಂದು ಹೋದರೆ ಒಂದು ಪುಸ್ತಕವೇ ಹೋದಂತೆ. ಎಲ್ಲ ಹಾಳೆಗಳೂ ಚೊಕ್ಕವಾಗಿ ಅಚ್ಚಾಗಿದ್ದವು. ಅವಳು ಮಧ್ಯಾಹ್ನದವರೆಗೆ ಮಡಿಸಿದಳು, ಕಲೆಯಿದ್ದ ಒಂದೇ ಒಂದು ಹಾಳೆ ಸಿಗಲಿಲ್ಲ. ಓದ್ಕೊಂಡು ಹೋಗಿ ಬಾಯಲ್ಲಿ ಹೇಳು ಎಂದಳು ಸೂಜಿಯಕ್ಕ. ಅವಳು ಬೇಡವೆಂದು ತಲೆಯಾಡಿಸಿದಳು. ಬಾಯಲ್ಲಿ ಹೇಳಿದರೆ ಮಗಳಿಗೆ ಪಾಲಿಲ್ಲ. ನಡುವೆ ಬಾಯಿ ಹಾಕಲು ಗಂಡನಿಗೆ ಜಾಗವಿಲ್ಲ.

ನಾಲ್ಕು ಗಂಟೆಗೆ ಮೂಲೆಯ ಡಬ್ಬಿಯಿಂದ ಹೆಬ್ಬೆರಳಿಗೆ ಗೋಂದು ತಾಗಿಸಿಕೊಂಡು ಬಂದು, ಒಂದು ಫಾರಮ್ಮಿನ ಮೇಲೆ ಒತ್ತಿ ಎಳೆದಳು. ರದ್ದಿಯ ಬುಟ್ಟಿಗೆ ಎಸೆದಳು. ಕೆಲಸ ಬಿಡುವ ಹೊತ್ತಿಗೆ ಬುಟ್ಟಿಯಿಂದ ಎತ್ತಿ ಚೀಲಕ್ಕೆ ಹಾಕಿಕೊಂಡಳು. ಅಷ್ಟರಲ್ಲಿ ಮಾಲೀಕ ಗುಡ್ಡೆ ಎಣಿಸಿ ಮುಗಿಸಿದ್ದ. ಒಂಬೈನೂರ ತೊಂಬತ್ತೊಂಬತ್ತು. ಗೇಟಿನಲ್ಲಿ ಚೀಲ ತೆಗೆಸಿದ. ಗೋಂದು ಬಿದ್ದು ಹಾಳಾಗಿತ್ತು, ಅದಕ್ಕೇ ತೆಗೆದುಕೊಂಡೆ ಎಂದಳು. ಮಾಲೀಕ ಫಾರಂ ಎತ್ತಿ ಬೆಳಕಿಗೆ ಹಿಡಿದ.

"ಗೋಂದಿನ ಕೆಲಸ ಬರೋದು ಹೊಲಿಗೆ ಆದ್ಮೇಲೆ. ಈ ಪುಸ್ತಕಕ್ಕೆ ಇನ್ನೂ ಹೊಲಿಗೇನೇ ಬಿದ್ದಿಲ್ಲ. ಆರು ವರ್ಷ ಇದ್ದೀಯಮ್ಮ ಇಲ್ಲಿ."

ಸೂಜಿಯಕ್ಕ ಬೇರೆ ಕಡೆ ನೋಡಿದಳು. ಮಾಲೀಕ ಗಂಡನಿಗೆ ಫೋನು ಮಾಡಿ ಕರೆಸಿದ. ಹೊರಗೆ ಹೋಗುತ್ತಿದ್ದ ಕೆಲಸದವರೆಲ್ಲ ನಿಂತರು. ನಿಮ್ಮ ಹೆಂಗಸು ಮಾಲು ಕೆಡಿಸಿ ಕದ್ದಿದ್ದಾಳೆ, ಕರೆದುಕೊಂಡು ಹೋಗಿ, ನಾಳೆಯಿಂದ ಬರುವುದು ಬೇಡ ಎಂದ. ಗಂಡ ಎಲ್ಲರೆದುರು ತಲೆ ಬಗ್ಗಿಸಿ ಕೇಳಿಸಿಕೊಂಡ. ಆಮೇಲೆ ತಿರುಗಿ ನಡೆದ. ಅವಳು ಹಿಂದೆ ಓಡುತ್ತ, ಯಾಕೆ ತೆಗೆದೆ ಅಂತ ಕೇಳಿ, ಒಂದು ಸಲ ಕೇಳಿ ಎನ್ನುತ್ತಿದ್ದಳು. ಅವನು ರಸ್ತೆ ದಾಟಿದ.

ಮನೆಯಲ್ಲಿ ಮಗಳು ಹನ್ನೆರಡನೆಯ ಫಾರಂ ಹರವಿಕೊಂಡು ಕಾಯುತ್ತಿದ್ದಳು. ಗಂಡ ಚಪ್ಪಲಿ ಬಿಟ್ಟ.

"ಅಮ್ಮನಿಗೆ ಹೇಳು, ನಾಳೆಯಿಂದ ಮನೇಲೇ ಇರ್ಲಿ."

ಮಗಳು ಇಬ್ಬರ ಮುಖವನ್ನೂ ನೋಡಿದಳು. ಎದ್ದು ನಿಂತು, ಪಾಠ ಒಪ್ಪಿಸುವ ದನಿಯಲ್ಲಿ, "ಅಪ್ಪ ಹೇಳ್ತಿದಾರೆ, ನಾಳೆಯಿಂದ ಮನೇಲೇ ಇರ್ಬೇಕಂತೆ" ಎಂದಳು.

"ನನಗೇ ಹೇಳಿ," ಎಂದಳು ಅವಳು. ಅವನ ಎದುರು ಹೋಗಿ ನಿಂತಳು. "ಬಯ್ಯಿರಿ. ಕಳ್ಳಿ ಅನ್ನಿ. ನಿನ್ನಿಂದ ಮಾನ ಹೋಯ್ತು ಅನ್ನಿ, ಬಾಯಿಗೆ ಬಂದಿದ್ದು ಅನ್ನಿ. ರೀ, ನಿಮ್ಮ ಕಾಲು ಹಿಡೀತೀನಿ, ಒಂದು ಸಲ ಬಯ್ದುಬಿಡಿ."

ಅವನು ಅವಳನ್ನು ಬಳಸಿ ಅಡುಗೆಮನೆಗೆ ಹೋಗಿ ಒಂದು ಲೋಟ ನೀರು ಕುಡಿದ. ಲೋಟ ತೊಳೆದು ಬೋರಲು ಹಾಕಿದ. ಮಗಳು ಹಾಳೆಗಳನ್ನು ಅಂಚು ಕೂಡಿಸಿ ಜೋಡಿಸುತ್ತಿದ್ದಳು.

ಆರು ವರ್ಷದ ಕೆಲಸ ಹೋಯಿತು. ಓದದೆ ಉಳಿದದ್ದು ಎರಡು ಫಾರಂ, ಮೂವತ್ತೆರಡು ಪುಟ. ಅವನು ಅವಳ ಮುಖ ನೋಡಿ ಮಾತಾಡಿದ ಸಂಜೆಗಳು ನಾಲ್ಕು.