ಕರಿಕಲ್ಲ ಮಡ್ಡಿಯ ಗೆರೆ

ಬೆಟಗೇರಿಯ ಸುನಿಲಕುಮಾರನಿಗೆ ಮೊಬೈಲ್ ರಿಪೇರಿ ಅಂಗಡಿ ಹೊಟ್ಟೆಪಾಡು, ನಕಾಶೆ ಬರೆಯುವುದು ಹುಚ್ಚು. ಯಾರು ಬೇಕಾದರೂ ಬರೆಯಬಹುದಾದ, ಯಾರು ಬೇಕಾದರೂ ತಿದ್ದಬಹುದಾದ ಇಂಟರ್ನೆಟ್ಟಿನ ನಕಾಶೆ ಅದು. ಏಳು ವರ್ಷದಲ್ಲಿ ಬಿಂಕದಕಟ್ಟಿಯಿಂದ ಮುಂಡರಗಿಯವರೆಗೆ ಅವನು ಹೆಸರು ಬರೆಯದ ಕೆರೆಯಿಲ್ಲ, ಓಣಿಯಿಲ್ಲ. ನಕಾಶೆಯವರ ವಾಟ್ಸಾಪ್ ಗುಂಪಿನಲ್ಲಿ ಅವನು ‘ಸುನಿಲಣ್ಣ’. ಆ ಅಣ್ಣತನ ಅವನಿಗೆ ಅಂಗಡಿಗಿಂತ ಹೆಚ್ಚು.

ಹೆಂಡತಿ ವಿದ್ಯಾಶ್ರೀಗೂ ಅವನೇ ಕಲಿಸಿದ. ಕಲಿಸಿದ್ದೇ ತಪ್ಪಾಯಿತು.

ಅವಳದು ಶಿರಹಟ್ಟಿ ಕಡೆಯ ಒಕ್ಕಲುತನದ ತವರು. ಆ ಊರ ಪಕ್ಕದ ಕರಿಕಲ್ಲ ಮಡ್ಡಿಗೆ ಸುನಿಲಕುಮಾರ ಎಂದೋ ಒಂದು ಚುಕ್ಕೆಯಿಟ್ಟು ‘ಶಿಖರ’ ಎಂದು ಬರೆದಿದ್ದ. ರಸ್ತೆಯಲ್ಲಿ ನಿಂತು ನೋಡಿದವನಿಗೆ ಅದು ಹಾಗೆಯೇ ಕಂಡಿತ್ತು. ವಿದ್ಯಾಶ್ರೀ ನೋಡಿ ನಕ್ಕುಬಿಟ್ಟಳು.

“ಶಿಖರ ಅಲ್ರಿ ಅದು. ಮ್ಯಾಲ ಹೋದ್ರ ಪರಾತ ಡಬ್ಬ ಹಾಕಿದಂಗ ಸಪಾಟ ಐತಿ. ನಮ್ಮ ಮನಿತನದ ಹೊಲ ಎಲ್ಲಾ ಅಲ್ಲೇ ಅದಾವು. ಎತ್ತು ಹೂಡಿ ಕುಂಟಿ ಹೊಡಿಯಾಕ ಬಂದ್ರ ಮಡ್ಡಿ, ಬರಲಿಲ್ಲಂದ್ರ ಗುಡ್ಡ.”

“ನಕಾಶಿಯೊಳಗ ನಿಮ್ಮ ಕುಂಟಿ ಲೆಕ್ಕ ನಡಿಯೂದಿಲ್ಲ,” ಎಂದ ಸುನಿಲಕುಮಾರ.

ಅವಳು ತನ್ನ ಫೋನಿನಲ್ಲಿ ನಕಾಶೆ ತೆರೆದಳು. ಚುಕ್ಕೆ ತೆಗೆದಳು, ಮಡ್ಡಿಯ ಅಂಚಿಗೆ ಸುತ್ತಲೂ ಗೆರೆ ಎಳೆದಳು, ಪಟ್ಟಿಯಲ್ಲಿ ‘ಪ್ರಸ್ಥಭೂಮಿ’ ಆರಿಸಿ ಹೆಸರು ಬರೆದಳು, ಕಾರಣವೆಂದು ಕುಂಟಿಯ ಲೆಕ್ಕವನ್ನೇ ಬರೆದಳು. ಮರುದಿನ ಗುಂಪಿನ ಹಿರಿತನ ಮಾಡುವ ಲಕ್ಷ್ಮೇಶ್ವರದ ಕಿಶೋರ ಬರೆದ: “ಅಕ್ಕಾರ, ಕುಂಟಿ ಲೆಕ್ಕ ಭಾಳ ಛಲೋ ಐತಿ. ಲಕ್ಷ್ಮೇಶ್ವರ, ಮುಂಡರಗಿ ಕಡೆ ಯಾವುದು ಮಡ್ಡಿ, ಯಾವುದು ಗುಡ್ಡ ಅಂತ ಇನ್ನ ನೀವ ಹೇಳ್ರಿ.”

ಏಳು ವರ್ಷದಲ್ಲಿ ಸುನಿಲಕುಮಾರನಿಗೆ ಇಂಥ ಮಾತು ಯಾರೂ ಹೇಳಿರಲಿಲ್ಲ. ನಿನ್ನೆ ಮೊನ್ನೆ ಅ ಆ ಕಲಿತವಳು ಗುರುವಿಗೇ ತಿರುಮಂತ್ರ ಹಾಕಿದ್ದಳು. ಅವನಿಗೆ ಹೊಟ್ಟೆಕಿಚ್ಚಾಯಿತು. ಬೇರೆ ಯಾವ ಚಂದದ ಹೆಸರೂ ಅದಕ್ಕಿಲ್ಲ. ಅವಳ ಫೋನು ಟಿಣ್ ಎಂದರೆ ಸಾಕು, ಉಣ್ಣುತ್ತಿದ್ದ ರೊಟ್ಟಿ ಅರ್ಧಕ್ಕೇ ಬಿಟ್ಟು ಏಳುತ್ತಿದ್ದ.

ಎಳ್ಳು ಅಮಾವಾಸ್ಯೆಯ ಹಬ್ಬ ಎಳ್ಳಮಾಸಿಗೆ ಇನ್ನು ನಾಲ್ಕು ದಿನವಿತ್ತು. ಮಧ್ಯಾಹ್ನ ಅಂಗಡಿಯಲ್ಲಿ ಕುಳಿತು ಅವಳ ಗೆರೆ ಅಳಿಸಿ, ತನ್ನ ಚುಕ್ಕೆಯನ್ನೇ ಮತ್ತೆ ಇಟ್ಟ. ಕಾರಣ ಬರೆಯಲೇಬೇಕೆಂದು ಗುಂಪಿನ ನಿಯಮ. ಗೆರೆ ಎಳೆದವರು ‘ಸ್ಥಳಕ್ಕೆ ಹೋಗಿ ನೋಡಿಲ್ಲ’ ಎಂದು ಬರೆದ.

ಅಳಿಸಿದವರು ಯಾರೆಂದು ಹಳೆಯ ದಾಖಲೆ ತೆರೆದು ನೋಡದೆ ಸಂಜೆ ಕಿಶೋರ ಗುಂಪಿನಲ್ಲಿ ಕೇಳಿದ: “ಅಕ್ಕಾರ, ಮಡ್ಡಿ ಎಲ್ಲಿ ಹೋತು?”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಹಾಗೆ ಸುನಿಲಕುಮಾರ ಫೋನು ಬೋರಲು ಹಾಕಿದ. ವಿದ್ಯಾಶ್ರೀ ಅವನ ಮುಖ ನೋಡಿದಳು. ಆಮೇಲೆ ಉತ್ತರ ಬರೆದಳು: “ಇನ್ನೊಮ್ಮೆ ನಡದು ನೋಡಿ ಹಾಕ್ತೀವ್ರಿ.”

ಪ್ರತಿವರ್ಷ ಎಳ್ಳಮಾಸಿಗೆ ಮಾವನ ಮನೆಯ ಕರೆ ಬರುತ್ತಿತ್ತು. ಅಳಿಯ ಹೋಗುತ್ತಿದ್ದ, ಕೆಳಗಿನ ಮನೆಯಲ್ಲೇ ಸಜ್ಜೆ ರೊಟ್ಟಿ ಮುರಿದು ತಿಂದು ಬರುತ್ತಿದ್ದ. ನೇಕಾರರ ಮನೆಯಲ್ಲಿ ಹುಟ್ಟಿದವನಿಗೆ, ಎಡೆಯನ್ನು ಪೈರಿಗೆ ಎರಚಿ ಚರಗ ಚೆಲ್ಲಲು ಹೊಲವೆಲ್ಲಿ? ಈ ಸಲ ಮಾತ್ರ ತಾನೂ ಮೇಲೆ ಬರುವೆನೆಂದ. ಹೆಂಡತಿಯ ಗೆರೆಯ ತಪ್ಪು ಹಿಡಿಯಬೇಕಿತ್ತು. ನಡೆದ ದಾರಿಯನ್ನು ಬರೆದುಕೊಳ್ಳಲಿ ಎಂದು ಫೋನು ಚಾಲೂ ಮಾಡಿ ಅಂಗಿಯ ಕಿಸೆಗೆ ಹಾಕಿದ.

ಮೇಲೆ ಹೋಗಿ ನೋಡಿದರೆ ಕಣ್ಣಿಗೆ ನಿಲುಕುವಷ್ಟೂ ಜೋಳ, ಕಡಲೆ. ಮಾವ ಸಕ್ರಪ್ಪ ಎಡೆಯ ಬುಟ್ಟಿ ಹೊತ್ತು ನಿಂತಿದ್ದ.

“ಅಳಿಯಾರ, ನಾ ಚರಗ ಚೆಲ್ಲಕೊಂತ ಹೊಕ್ಕೇನಿ. ನೀವು ತಂಬಗಿ ಹಿಡಕೊಂಡು ಹಿಂದ ನೀರ ಹಾಕ್ಕೊಂತ ಬರ್ರಿ.”

ಮಡ್ಡಿಯ ಅಂಚಿಗೇ ಅಂಟಿದ ಬದು. ಮಾವ ಮುಂದೆ, ಅಳಿಯ ಹಿಂದೆ. ಒಂದು ಪೂರ್ತಿ ಸುತ್ತು ಮುಗಿಯುವಷ್ಟರಲ್ಲಿ ಸುನಿಲಕುಮಾರನ ಕಾಲು ಸೋತವು.

“ವರ್ಷಾ ಇಷ್ಟೂ ಸುತ್ತತೀರೇನ್ರಿ, ಮಾವಾರ?”

“ಸುತ್ತದ ಹೆಂಗ್ರಿ! ವಿದ್ಯಾ ಆರು ವರ್ಷದಾಕಿ ಇದ್ದಾಗಿಂದ ಲಗ್ನ ಆಗೂ ತನಕ ಹದಿನಾರು ವರ್ಷ ಈ ತಂಬಗಿ ಆಕಿ ಕೈಯಾಗ ಇತ್ತು. ಕಣ್ಣ ಕಟ್ಟಿ ಬಿಟ್ರೂ ಹಾದಿ ತಪ್ಪೂದಿಲ್ಲ ಆಕಿ.”

ಸುನಿಲಕುಮಾರ ಬದುವಿನ ಮೇಲೆ ಕುಳಿತು ಫೋನು ತೆಗೆದ. ಅಳಿಸಿದ ಗೆರೆಯನ್ನು ನಕಾಶೆಯ ಹಳೆಯ ದಾಖಲೆಯಿಂದ ತೆರೆದು, ತಾನು ಈಗ ನಡೆದ ದಾರಿಯನ್ನು ಅದರ ಮೇಲಿಟ್ಟ. ಒಂದೆಳೆ ಆಚೀಚೆ ಇರಲಿಲ್ಲ. ಹದಿನಾರು ವರ್ಷ ನಡೆದವಳಿಗೆ, ಒಮ್ಮೆಯೂ ಮೆಟ್ಟದ ತಾನು ‘ಸ್ಥಳಕ್ಕೆ ಹೋಗಿ ನೋಡಿಲ್ಲ’ ಎಂದು ಬರೆದಿದ್ದ. ಅವನಿಗೆ ನಾಚಿಕೆಯಾಯಿತು. ಅಲ್ಲೇ ಕುಳಿತು ಚುಕ್ಕೆ ತೆಗೆದ, ಗೆರೆಯನ್ನು ಮರಳಿ ಹಾಕಿದ.

ಊಟಕ್ಕೆ ಕುಳಿತಾಗ ಫೋನು ಟಿಣ್ ಎಂದಿತು. ಈ ಸಲ ಅವನದು. ಕೊನೆಗೆ ಕೈಯಾಡಿಸಿದವನ ಹೆಸರನ್ನೇ ನಕಾಶೆ ತೋರಿಸುತ್ತದೆ. ಕಿಶೋರ ಅಷ್ಟನ್ನೇ ನೋಡಿದ್ದ. “ಸುನಿಲಣ್ಣಾ, ನಡದು ಬರದ ಮಡ್ಡಿ ಅಂದ್ರ ಇದು! ಮುಂಡರಗಿ ಕಡೀವೂ ಇನ್ನ ನೀವ ನೋಡ್ರಿ.”

ಬೇಕಾದದ್ದೆಲ್ಲ ಒಂದೇ ಸಾಲಿನಲ್ಲಿ ಬಂದಿತ್ತು. ಪಕ್ಕದಲ್ಲಿ ಬಡಿಸುತ್ತಿದ್ದ ವಿದ್ಯಾಶ್ರೀ ಬಗ್ಗಿ ಓದಿದಳು.

“ಅಳಿಸಿದ್ದು ಯಾರಂತ ಅವತ್ತ ನೋಡಿದ್ದೆ,” ಎಂದಳು ಮೆಲ್ಲಗೆ. “ಗುಂಪಿನ್ಯಾಗ ನಿಮ್ಮ ಮಾನ ಹೋಗಬಾರದಂತ ಸುಮ್ನಿದ್ದೆ. ಆತು ಬಿಡ್ರಿ, ಹೆಸರ ಬಂತಲ್ಲ.”

ಅವನು ಎಂಜಲ ಕೈಯನ್ನು ಅಂಗಿಗೆ ಒರೆಸಿಕೊಂಡು ಬರೆದ: “ಗೆರಿ ವಿದ್ಯಾಶ್ರೀದು. ಅಳಿಸಿದಾಂವ ನಾನು, ಹೊಟ್ಟಿಕಿಚ್ಚಿಗೆ.”

ಗುಂಪಿನವರು ಒಬ್ಬೊಬ್ಬರಾಗಿ ಓದಿದರು. ಆಮೇಲೆ ಹೂವು, ಚಪ್ಪಾಳೆ, “ಅಕ್ಕಾರ, ಅಕ್ಕಾರ” ಎಂದು ಮಳೆ ಸುರಿದಂತೆ ಬಂದವು. ಎಲ್ಲ ಅವಳಿಗೇ. ಸುನಿಲಕುಮಾರನ ಮುಖ ಮತ್ತೆ ಸಣ್ಣದಾಯಿತು.

“ಇನ್ನೂ ಉರ್ಯಾಕತ್ತೇತೇನ್ರಿ ಹೊಟ್ಟಿ?”

“ಖರೇನ ಉರ್ಯಾಕತ್ತೇತಿ.”

ವಿದ್ಯಾಶ್ರೀ ನಕ್ಕು, ಅವನ ತಾಟಿಗೆ ಎರಡು ಸೌಟು ಮೊಸರು ಹೆಚ್ಚಿಗೆ ಹಾಕಿದಳು.