ಕೂದಲಜ್ಜಿ ಸೇತುವೆ

ಆ ಕಚೇರಿಯಲ್ಲಿ ಹೆಸರಿದ್ದ ಕುರ್ಚಿ ಒಂದೇ: ವೈರಿ ಕುರ್ಚಿ. ಸೈನ್ಯದ ಪರವಾಗಿ ಮುಂದಾಲೋಚನೆ ಮಾಡಿಕೊಡುವುದೇ ಆ ಸಂಶೋಧನಾ ಸಂಸ್ಥೆಯ ಕಸುಬು. ಯಾವ ವರದಿ ರಕ್ಷಣಾ ಇಲಾಖೆಗೆ ಹೊರಡುವುದಿದ್ದರೂ, ಆ ದಿನ ಯಾರಾದರೊಬ್ಬರು ಆ ಕುರ್ಚಿಯಲ್ಲಿ ಕೂತು, ಗಡಿಯಾಚೆಯವರ ಬಾಯಾಗಿ ಅದನ್ನು ಎಳೆ ಎಳೆಯಾಗಿ ಬಿಡಿಸಿ ಹಾಕಬೇಕು. ವರದಿ ಅದನ್ನು ತಡೆದುಕೊಂಡರೆ ಸಂಜೆ ನಾಲ್ಕಕ್ಕೆ ಲಕೋಟೆಗೆ ಅರಗು ಬೀಳುತ್ತಿತ್ತು. ಕುರ್ಚಿಯ ಒಂದು ಕಾಲು ಗಿಡ್ಡ. ಎಂಥ ಧೀರನೂ ಅದರಲ್ಲಿ ತುಸು ಓಲಾಡುತ್ತಲೇ ವೈರಿಯಾಗಬೇಕಿತ್ತು.

ಅವತ್ತಿನ ಸರದಿ ಟಿಪ್ಪಣಿಯದು. ಹುಟ್ಟಿದಾಗ ಇಟ್ಟ ಹೆಸರು ಬೇರೆ. ಪುಟದಡಿಯ ಸಣ್ಣಕ್ಷರದ ಬೆನ್ನು ಹತ್ತಿ ಮೂಲ ಸಿಗುವ ತನಕ ಬಿಡದ ಅವಳ ಚಾಳಿಗೆ ಕಚೇರಿ ಕೊಟ್ಟ ಹೆಸರು ಇದು. ಸರಿಯಾಗಿ ಮುಚ್ಚದ ಕಿಟಕಿಯ ಪಕ್ಕ, ಶಾಲು ಹೊದ್ದು, ಬೆಳಿಗ್ಗೆ ಒಂಬತ್ತಕ್ಕೇ ವರದಿ ತೆರೆದು ಕೂತಿದ್ದಳು. ಬರೆದವರು ನಕ್ಷೆ ಸಾರ್. ಇಪ್ಪತ್ತು ವರ್ಷ ಗಡಿಯ ನಕ್ಷೆಗಳನ್ನೇ ದಿಟ್ಟಿಸಿ, ಗೋಡೆಯ ಬಿರುಕಿನಲ್ಲೂ ಉಪನದಿ ಕಾಣುವಷ್ಟು ಪಳಗಿದವರು. ವರದಿಯ ಸಾರ ಒಂದೇ ಮಾತಿನದು: ಹಿಮ ಬೀಳುವ ಮೊದಲು ಮೂರು ಸಾವಿರ ಸೈನಿಕರ ದಳವನ್ನು ಕಣಿವೆಯ ನೆತ್ತಿಗೆ ಏರಿಸಬೇಕು, ಚಳಿಗಾಲವೆಲ್ಲ ಅಲ್ಲೇ ಇರಿಸಬೇಕು.

ಆ ದಳದಲ್ಲಿ ಅವಳ ಅಕ್ಕನ ಗಂಡ ಲಾರಿ ಓಡಿಸುತ್ತಿದ್ದರು.

ಅಕ್ಕನ ಫೋನು ಬಸ್ಸಿನಲ್ಲಿದ್ದಾಗಲೇ ಬಂದಿತ್ತು. "ನಿಮ್ಮ ಭಾವನ್ನ ಮತ್ತೆ ಮೇಲಕ್ಕೆ ಕಳಿಸ್ತಾರಂತೆ, ಹೌದೇನೇ?"

"ನಂಗೇನ್ ಗೊತ್ತಕ್ಕ?"

"ನಿಂಗೇನ್ ಗೊತ್ತು ಪಾಪ, ಬರೀ ಅದೇ ಆಫೀಸಲ್ಲಿ ಕೆಲಸ! ಹೋದ ಸಲ ಎರಡು ಕಾಲ್ಬೆರಳು ಅಲ್ಲೇ ಬಿಟ್ಟು ಬಂದ್ರು. ಇನ್ನು ಎಂಟಿದೆ. ಎಷ್ಟು ಚಳಿಗಾಲಕ್ಕೆ ಸಾಕಾಗತ್ತೆ, ನಿಮ್ಮ ಸಂಶೋಧನೇಲಿ ನೋಡಿ ಹೇಳು."

ಹೇಳುವಂತಿರಲಿಲ್ಲ. ಹೇಳಿದರೆ ಕೆಲಸ ಹೋಗುವುದಷ್ಟೇ ಅಲ್ಲ, ಜೈಲೂ ಆಗಬಹುದು. "ಇಳಿಯೋ ಸ್ಟಾಪ್ ಬಂತಕ್ಕ" ಎಂದು ಸುಳ್ಳು ಹೇಳಿ, ಇನ್ನೂ ಆರು ಸ್ಟಾಪು ಕಂಬಿ ಹಿಡಿದು ನಿಂತೇ ಬಂದಿದ್ದಳು. ಭಾವನ ವಿಷಯ ಕಚೇರಿಯಲ್ಲಿ ಹೇಳಿ ಇವತ್ತು ಆ ಕುರ್ಚಿಯಿಂದ ತಪ್ಪಿಸಿಕೊಳ್ಳಲೇ ಎಂದೂ ಅನ್ನಿಸಿತ್ತು. ಓದಿದ ಮೇಲೆ ನೋಡೋಣ ಎಂದು ಮುಂದಕ್ಕೆ ಹಾಕಿದ್ದಳು.

ಮೂವತ್ತೊಂದನೆಯ ಪುಟದಲ್ಲಿ ಅವಳ ಬೆರಳು ನಿಂತಿತು. "ಆಚೆಯವರು ಕೂದಲಜ್ಜಿ ಸೇತುವೆಯನ್ನು ಭಾರೀ ಟ್ಯಾಂಕುಗಳು ದಾಟುವಷ್ಟು ಬಲಪಡಿಸಿದ್ದಾರೆ. ಮೂರು ಸ್ವತಂತ್ರ ಮೂಲಗಳಿಂದ ದೃಢಪಟ್ಟಿದೆ." ದಳ ಏರಬೇಕೆನ್ನಲು ವರದಿ ಕೊಟ್ಟ ಕಾರಣ ಇದೊಂದೇ.

ಕೂದಲಜ್ಜಿಯ ಹೆಸರನ್ನು ಅವಳು ಈ ಭೂಮಿಯ ಮೇಲೆ ಒಂದೇ ಒಂದು ಬಾಯಿಂದ ಕೇಳಿದ್ದಳು. ಜಡೆಯ ಸಿಕ್ಕು ಬಿಡಿಸುವಾಗ ಮೊಮ್ಮಗಳು ರಂಪ ಮಾಡದಿರಲೆಂದು ಅಜ್ಜಿ ಕಟ್ಟಿದ ಕಥೆ ಅದು. ಹಳ್ಳದ ಮೇಲೊಂದು ಸೇತುವೆ, ಸೇತುವೆಯ ಕೆಳಗೊಬ್ಬಳು ಬೋಳುತಲೆಯ ಮುದುಕಿ. ದಾಟುವವರೆಲ್ಲ ಅವಳಿಗೆ ತಲೆಯಿಂದ ಒಂದೊಂದು ಕೂದಲು ಕಿತ್ತುಕೊಡಬೇಕು. ಆ ಕೂದಲನ್ನೆಲ್ಲ ಹೊಸೆದು ಹಗ್ಗ ಮಾಡಿ ಮುದುಕಿ ಸೇತುವೆಗೆ ಬಿಗಿದಳಂತೆ. ಆಮೇಲೆ ಆನೆಗಳ ಹಿಂಡು ದಾಟಿದರೂ ಅದು ಮಿಸುಕಲಿಲ್ಲವಂತೆ.

ಎರಡು ವರ್ಷದ ಹಿಂದೆ ಈ ಕಚೇರಿಯಲ್ಲಿ ಮೇಜಿನ ಮೇಲೆ ಯುದ್ಧದಾಟ ಆಡಿದ್ದರು. ಆಗ ಹೊಸಬಳಾಗಿದ್ದ ಅವಳಿಗೆ ವೈರಿಯ ಪಾತ್ರ. ಹತ್ತು ನಿಮಿಷಕ್ಕೊಮ್ಮೆ ವೈರಿಯ ಮುಂದಿನ ನಡೆಯನ್ನು ಚೀಟಿಯಲ್ಲಿ ಬರೆದು ಕೊಡಬೇಕಿತ್ತು. ಸಂಜೆಯ ಹೊತ್ತಿಗೆ ತಲೆ ಖಾಲಿಯಾಗಿ, ಅಜ್ಜಿಯ ಸೇತುವೆ ತಂದು ಕಣಿವೆಗೆ ಹಾಕಿ, ಆನೆಯ ಜಾಗದಲ್ಲಿ ಟ್ಯಾಂಕು ಬರೆದುಬಿಟ್ಟಿದ್ದಳು!

ಗ್ರಂಥಾಲಯಕ್ಕೆ ಓಡಿದಳು. "ಆಟಕ್ಕೆ ಮಾತ್ರ" ಎಂಬ ಮುದ್ರೆ ಬೀಳುತ್ತಿದ್ದುದು ಚೀಟಿಗಳ ಕಟ್ಟಿನ ಮೇಲಿನ ಹಾಳೆಗೆ ಮಾತ್ರ. ರಟ್ಟು ಹಾಕಿ ಹೊಲಿಯುವಾಗ ಆ ಹಾಳೆ ಕಳಚಿಹೋಗಿತ್ತು. ಒಳಗೆ ಅವಳದೇ ಓರೆ ಅಕ್ಷರದ ಚೀಟಿಗಳು ದಾಖಲೆಗಳ ಠೀವಿಯಲ್ಲಿ ಕೂತಿದ್ದವು. ಅಲ್ಲಿಂದ ಸೇತುವೆ ಸಂಸ್ಥೆಯ ತ್ರೈಮಾಸಿಕದ ಒಂದು ಲೇಖನಕ್ಕೆ, ಲೇಖನದಿಂದ ಪತ್ರಿಕೆಯ ಅಂಕಣಕ್ಕೆ, ಅಂಕಣದಿಂದ ಹೊರದೇಶದ ಪುಸ್ತಕವೊಂದಕ್ಕೆ ದಾಟಿತ್ತು. ಒಬ್ಬೊಬ್ಬರ ಅಡಿಟಿಪ್ಪಣಿಯೂ ಹಿಂದಿನವರ ಕಡೆ ಕೈ ತೋರಿಸುತ್ತಿತ್ತು. ಮೂರು ಮೂಲಗಳೂ ಹೋಗಿ ನಿಲ್ಲುತ್ತಿದ್ದುದು ಅವಳ ಜಡೆಯ ಸಿಕ್ಕಿನಲ್ಲಿ. ಬಾಯಿ ಬಿಟ್ಟರೆ ಮೂರ್ಖಳಾಗುತ್ತಾಳೆ. ಭಾವನ ವಿಷಯ ಹೊರಬಿದ್ದರೆ, ಅವರಿಗಾಗಿ ಸುಳ್ಳು ಕಟ್ಟಿದ ಕಳ್ಳಿಯಾಗುತ್ತಾಳೆ. ಸುಮ್ಮನಿದ್ದರೆ? ಅದನ್ನು ಯೋಚಿಸಲು ಧೈರ್ಯ ಬರಲಿಲ್ಲ.

ಹನ್ನೆರಡಕ್ಕೆ ಸಭೆ. ಸಂಸ್ಥೆಯ ಮುಖ್ಯಸ್ಥರಾದ ನಿವೃತ್ತ ಜನರಲ್ ಸಾಹೇಬರು ಕನ್ನಡಕ ಒರೆಸುತ್ತ ಮೇಜಿನ ತುದಿಯಲ್ಲಿ ಕೂತಿದ್ದರು. ಅವಳು ವೈರಿ ಕುರ್ಚಿಯಲ್ಲಿ ಕೂತಳು; ಅದು ಟಕ್ಕೆಂದು ಓಲಿತು.

"ಶುರು ಮಾಡಮ್ಮ ವೈರಿ" ಎಂದರು ನಕ್ಷೆ ಸಾರ್, ತೋಳು ಕಟ್ಟಿಕೊಂಡು. "ಇವತ್ತು ಎಷ್ಟು ಅಲ್ಪವಿರಾಮ ತಪ್ಪಾಗಿದೆ?"

"ಸಾರ್, ಆ ಸೇತುವೆ ಇಲ್ಲ."

"ಇಲ್ಲ ಅಂದ್ರೆ?"

"ಇಲ್ಲ ಅಂದ್ರೆ ಇಲ್ಲ ಸಾರ್. ಅದು ನಮ್ಮಜ್ಜಿ ಹೇಳಿದ ಕಥೆ." ಕಟ್ಟನ್ನು ಮುಂದೆ ತಳ್ಳಿ, ಚೀಟಿಯಿಂದ ಪುಸ್ತಕದವರೆಗಿನ ದಾರಿಯನ್ನು ಬೆರಳಿಟ್ಟು ತೋರಿಸಿದಳು.

ನಕ್ಷೆ ಸಾರ್ ಮುಖ ಕೆಂಪಾಯಿತು. "ಆ ಕಣಿವೆ ಮೇಲೆ ವರ್ಷದಲ್ಲಿ ಎಂಟು ತಿಂಗಳು ಮೋಡ ಇರತ್ತೆ. ಉಪಗ್ರಹದ ಚಿತ್ರ ತೆಗೆದ್ರೆ ಹತ್ತಿ ಹಾಸಿದ ಹಾಗೆ. ಬರಹ ನಂಬದೆ ಇನ್ನೇನ್ ನಂಬ್ಲಿ? ಆಚೆ ಕಡೆ ಹೆಸರುಗಳೆಲ್ಲ ಹಾಗೇ ವಿಚಿತ್ರ. ನಿಮ್ಮಜ್ಜಿ ಹೇಳಿದ್ದಾರೆ ಅಂದ ಮಾತ್ರಕ್ಕೆ ಅಲ್ಲಿ ಸೇತುವೆ ಇರಬಾರದು ಅಂತೇನಾದ್ರೂ ಕಾನೂನಿದೆಯಾ?"

"ಇರಬಹುದು ಸಾರ್. ಆದ್ರೆ ಇದೆ ಅಂತ ನಮಗೆ ಯಾರೂ ಹೇಳಿಲ್ಲ. ಹೇಳಿದ್ದು ನಾನೊಬ್ಬಳೇ."

ಜನರಲ್ ಸಾಹೇಬರು ಚೀಟಿಯನ್ನು ಬೆಳಕಿಗೆ ಹಿಡಿದು ಓದಿದರು. ಆಮೇಲೆ ತಲೆಯೆತ್ತದೆ ಕೇಳಿದರು: "ಆ ದಳದಲ್ಲಿ ನಿಮ್ಮನೆಯವರು ಯಾರಾದ್ರೂ ಇದಾರೇನಮ್ಮ?"

"ಇದಾರೆ ಸಾರ್. ಭಾವ."

"ಅದಕ್ಕೇ!" ನಕ್ಷೆ ಸಾರ್ ಮೇಜು ಗುದ್ದಿದರು. "ಅಜ್ಜಿ ಕಥೆ ಅಲ್ಲ ಸಾರ್ ಇದು, ಭಾವನ ಕಥೆ!"

ಅವಳು ಚೀಟಿಯತ್ತ ಬೆರಳು ಮಾಡಿದಳು. "ನನ್ನ ಕೆಲಸದಿಂದ ತೆಗೀರಿ ಸಾರ್, ಇವತ್ತೇ ಬರ್ಕೊಡ್ತೀನಿ. ಚೀಟಿ ಮಾತ್ರ ನನ್ನದೇ. ಅಕ್ಷರ ಹೋಲಿಸಿ ನೋಡಿ."

ಜನರಲ್ ಸಾಹೇಬರು ಚೀಟಿಯನ್ನು ಕಟ್ಟಿನ ಮೇಲಿಟ್ಟರು. ಒಂದು ಕಾಲದಲ್ಲಿ ಅದೇ ಕಣಿವೆಯಲ್ಲಿ ಅವರೇ ಜನರನ್ನು ಏರಿಸಿದ್ದವರು. ಎಷ್ಟು ಜನ ಇಳಿದರೆಂದು ಯಾರೂ ಅವರನ್ನು ಕೇಳುತ್ತಿರಲಿಲ್ಲ. "ಭಾವ ಇದ್ದಿದ್ದನ್ನ ಬೆಳಿಗ್ಗೆನೇ ಹೇಳಬೇಕಿತ್ತು. ಅದು ನಿನ್ನ ತಪ್ಪು, ಅದನ್ನ ಆಮೇಲೆ ವಿಚಾರಿಸ್ತೀನಿ" ಎಂದರು. "ಚೀಟಿ ಪರೀಕ್ಷೆ ಮಾಡದೇ ಕಟ್ಟು ಹೊಲಿಸಿದ್ದು, ಮೂಲಾನ ಮುಟ್ಟಿ ನೋಡದೇ ಬರೆದಿದ್ದು ನಮ್ಮೆಲ್ಲರ ತಪ್ಪು. ವರದಿ ಹೋಗಲ್ಲ."

ನಕ್ಷೆ ಸಾರ್ ಕುಸಿದು ಕೂತರು. ಅವರ ಧ್ವನಿ ಸಣ್ಣಗಾಗಿತ್ತು. "ಸಾರ್... ಸಾರಾಂಶ ನಿನ್ನೆ ಮಧ್ಯಾಹ್ನವೇ ಇಲಾಖೆಗೆ ಹೋಗಿದೆ. ಅವರೇ ಅವಸರ ಮಾಡಿ ಕೇಳಿದ್ರು."

ಜನರಲ್ ಸಾಹೇಬರು ಮೇಜಿನ ಮೇಲಿದ್ದ ಫೋನನ್ನು ಅವಳ ಕಡೆಗೆ ಜರುಗಿಸಿದರು. "ಕಟ್ಟಿದವಳೇ ಕೆಡವಮ್ಮ. ನಾನು ಮಾಡಿದ್ರೆ ವಯಸ್ಸಾಯ್ತು, ಹೆದರಿಕೊಂಡ ಅಂತಾರೆ."

ಮೂರು ಕೈ ಬದಲಾಯಿಸಿ ಕರೆ ಇಲಾಖೆಯ ಅಧಿಕಾರಿಯೊಬ್ಬರಿಗೆ ಸೇರಿತು. ಹಿಂದೆ ಯಾರೋ ಪಟಪಟನೆ ಟೈಪು ಮಾಡುವ ಸದ್ದು.

"ಆ ಸೇತುವೆ ವಿಷಯ ತಾನೇ?" ಎಂದರು ಅಧಿಕಾರಿ, ಬೇಸರದಲ್ಲಿ. "ತಲೆ ಕೆಡಿಸ್ಕೋಬೇಡಿ. ನಿಮ್ಮ ಸಾರಾಂಶ ಬಂದ ಮೇಲೆ ನಾವೂ ಹುಡುಕಿದ್ವಿ. ಒಂದು ಪುಸ್ತಕದಲ್ಲಿ ಸಿಕ್ತು, ಪೇಪರಲ್ಲೂ ಬಂದಿದೆ. ಖಚಿತ. ಆದೇಶ ಟೈಪಾಗ್ತಾ ಇದೆ."

ಅವಳು ರಿಸೀವರನ್ನು ಎರಡೂ ಕೈಯಲ್ಲಿ ಹಿಡಿದಳು. ಕುರ್ಚಿ ಮತ್ತೆ ಓಲಿತು. "ಸಾರ್, ದಯವಿಟ್ಟು ಇಡಬೇಡಿ. ಆ ಪುಸ್ತಕ ನಾನೇ. ಪೇಪರ್ರೂ ನಾನೇ. ನೀವು ಎಲ್ಲಿ ಹುಡುಕಿದ್ರೂ ಸಿಗೋದು ನಾನೇ. ನನಗೆ ಆ ಸೇತುವೆ ಹೇಗೆ ಗೊತ್ತು ಅಂತ ಒಂದೇ ಒಂದು ಸಲ ಕೇಳಿ."

ಆ ಕಡೆಯಿಂದ, ಫೋನಿಗಲ್ಲದೆ ಪಕ್ಕಕ್ಕೆ ತಿರುಗಿ ಹೇಳಿದ ದನಿ: "ರೀ, ಸ್ವಲ್ಪ ನಿಲ್ಸಿ." ಟೈಪಿನ ಸದ್ದು ನಿಂತಿತು. ಕಾಗದ ಎಳೆದುಕೊಂಡ ಸರಸರ.

"ಹೇಳಿ. ಮೊದಲಿಂದ ಹೇಳಿ" ಎಂದರು ಅಧಿಕಾರಿ. "ನಿಧಾನವಾಗಿ. ಬರ್ಕೋಬೇಕು."