ಅಕ್ಕ ಮಾಡದ ಫೋನು

ತಮ್ಮ ಎಂಬವನು ಜನ್ಮದಲ್ಲಿ ಕೈಗೆ ಗಡಿಯಾರ ಕಟ್ಟಿದವನಲ್ಲ. ಕಟ್ಟುವ ಪ್ರಮೇಯವೂ ಬರಲಿಲ್ಲ, ಅಕ್ಕ ಇದ್ದಳು. ಶಾಲೆಗೆ ಎಬ್ಬಿಸಿದವಳು ಅಕ್ಕ, ಪರೀಕ್ಷೆಗೆ ಹೊರಡಿಸಿದವಳು ಅಕ್ಕ, ಮದುವೆಯ ದಿನ ಬಚ್ಚಲಮನೆಯ ಬಾಗಿಲು ಬಡಿದು ವರಮಹಾಶಯನನ್ನು ಹೊರಗೆಳೆದವಳೂ ಅಕ್ಕನೇ. ಮುಂದೆ ಅವನು ದೊಡ್ಡ ಸಾಹೇಬನಾಗಿ, ತಲೆ ಬೋಳಾದ ಮೇಲೂ, ಅವಳಿಂದ ಒಂದು ಫೋನು ಬಂದರೆ ಮಾತ್ರ ಕುರ್ಚಿಯಿಂದ ಏಳುತ್ತಿದ್ದ. ಕಿಸೆಯಲ್ಲಿದ್ದ ಫೋನಿನ ಮೇಲೆ ಗಂಟೆ ಕಾಣುತ್ತಿತ್ತು, ನಿಜ. ಆದರೆ ನೋಡುವ ಅಭ್ಯಾಸ ಬೇಕಲ್ಲ.

ಅಕ್ಕನಿಗೆ ಅದೊಂದು ಕೆಲಸವೆಂದು ಅನಿಸಿದ್ದೇ ಇಲ್ಲ. ಅವಳ ಹೊಟ್ಟೆಪಾಡೇ ಅದಾಗಿತ್ತು. ಬಸ್ ನಿಲ್ದಾಣದ ಗಾಜಿನ ಗೂಡಿನಲ್ಲಿ ಕೂತು, ಯಾವ ಬಸ್ಸು ಎಲ್ಲಿಂದ ಹೊರಡುತ್ತದೆಂದು ಮೈಕಿನಲ್ಲಿ ಕೂಗಿ ಕೂಗಿ ನಿವೃತ್ತಳಾದವಳು. ಊರಿನ ಅರ್ಧ ಜನಕ್ಕೆ ಅವಳ ಮುಖ ಗೊತ್ತಿರಲಿಲ್ಲ, ದನಿ ಗೊತ್ತಿತ್ತು. ತಮ್ಮನ ಹೆಂಡತಿ ಎದುರಿಗೆ ಅವಳನ್ನು ‘ಅಕ್ಕ’ ಎನ್ನುತ್ತಿದ್ದಳು, ಬೆನ್ನ ಹಿಂದೆ ‘ನಮ್ಮನೆ ಅಲಾರಂ’. ಬೆನ್ನ ಹಿಂದಿನದೂ ಅಕ್ಕನಿಗೆ ಕೇಳಿಸುತ್ತಿತ್ತು. ಜೀವಮಾನವಿಡೀ ಗದ್ದಲದೊಳಗೆ ಕಿವಿ ನಿಮಿರಿಸಿಕೊಂಡು ಕೂತವಳಿಗೆ ಪಿಸುಮಾತು ಯಾವ ಲೆಕ್ಕ?

“ಅಕ್ಕ, ನಿನ್ನನ್ನ ಎಲ್ಲಿಗೂ ಕರ್ಕೊಂಡು ಹೋಗಿಲ್ಲ ನಾನು,” ಎಂದಿದ್ದ ತಮ್ಮ. “ಈ ಸಲ ಇಲ್ಲ ಅನ್ನಬೇಡ. ಮೊದಲು ಊರು ಸುತ್ತೋದು, ಆಮೇಲೆ ಹಡಗು ಹತ್ತೋದು. ದಾರಿಯಲ್ಲಿ ಒಂದೊಂದು ಬಂದರಿಗೂ ಇಳಿದು ಒಂದೊಂದು ಊರು. ಏಷ್ಯಾನೇ ಒಂದು ಸುತ್ತು!”

ಅಕ್ಕ ಅಂದು ಅಡುಗೆಮನೆಗೆ ಹೋಗಿ ಸ್ವಲ್ಪ ಅತ್ತಳು. ಮಾರನೆಯ ದಿನ ನಡೆಯಲಿಕ್ಕೆಂದು ಹೊಸ ಶೂಸು ಕೊಂಡಳು. ವಿಮಾನ ನಿಲ್ದಾಣದಲ್ಲಿ ನೋಡಿದರೆ ತಮ್ಮನ ಅತ್ತೆಯೂ ಗಾಲಿಕುರ್ಚಿಯಲ್ಲಿ ಕೂತಿದ್ದಾಳೆ, ತೊಡೆಯ ಮೇಲೆ ಮಾತ್ರೆಗಳ ಚೀಲ. “ನಿಮ್ಮ ಕೈಗೇ ಒಪ್ಪಿಸ್ತಾ ಇದ್ದೀನಿ ನಮ್ಮಮ್ಮನ್ನ,” ಎಂದು ತಮ್ಮನ ಹೆಂಡತಿ ನಗುತ್ತ ಕುರ್ಚಿಯ ಹಿಡಿಯನ್ನು ಅಕ್ಕನ ಕೈಗೆ ಕೊಟ್ಟಳು. ಕೊಟ್ಟದ್ದನ್ನು ಮತ್ತೆ ವಾಪಸು ತೆಗೆದುಕೊಳ್ಳಲಿಲ್ಲ.

ಮೊದಲ ಊರಿನಲ್ಲಿ ಗಂಡ ಹೆಂಡತಿ ಮೇಲ್ಛಾವಣಿಯಿಲ್ಲದ ಬಸ್ಸು ಹತ್ತಿ ಅರಮನೆ, ವಸ್ತುಸಂಗ್ರಹಾಲಯ, ತೇಲುವ ಸಂತೆ ನೋಡಿಬಂದರು. ಅಕ್ಕ ಹೋಟೆಲಿನ ಕೋಣೆಯಲ್ಲಿ ಗಾಲಿಕುರ್ಚಿಯ ಬೀಗಿತ್ತಿಯ ಜೊತೆ ಇಸ್ಪೀಟು ಆಡಿದಳು. ಹಡಗು ಹತ್ತಿದ ಮೇಲೂ ಅದೇ ಪಾಡು, ನಾಲ್ವರಿಗೂ ಸೇರಿ ಒಂದೇ ಕ್ಯಾಬಿನ್ನು, ಕಿಟಕಿಯಲ್ಲಿ ಗೋಡೆಯ ಬದಲು ನೀರು ಅಷ್ಟೆ. ಬಂದರು ಬಂದಾಗಲೆಲ್ಲ ಅವರಿಬ್ಬರೂ ಇಳಿಯುವರು. ಹಡಗಿನವರದೇ ಬಸ್ಸುಗಳಿದ್ದವು, ಆ ಬಸ್ಸು ತಡವಾದರೆ ಹಡಗು ಕಾಯುತ್ತಿತ್ತು. ತಾವಾಗಿ ಟ್ಯಾಕ್ಸಿ ಹಿಡಿದು ಹೋದವರನ್ನು ಕಾಯುತ್ತಿರಲಿಲ್ಲ. “ಕುರಿಮಂದೆ ಥರ ಬಾವುಟದ ಹಿಂದೆ ಯಾರು ಹೋಗ್ತಾರೆ?” ಎಂದು ತಮ್ಮನ ಹೆಂಡತಿ ಮೂಗು ಮುರಿದಳು. ಅವರಿಗೆ ಭಯವೇನು? ಅಕ್ಕ ಕ್ಯಾಬಿನ್ನಿನಲ್ಲಿ ಗಡಿಯಾರ ನೋಡುತ್ತ ಕೂತಿರುತ್ತಿದ್ದಳು. ಹೊತ್ತಾಯಿತೆನ್ನುವಾಗ ಫೋನು ಮಾಡಿ “ಹೊರಡ್ರಪ್ಪಾ” ಎನ್ನುತ್ತಿದ್ದಳು. ಹಡಗು ಯಾವಾಗ ಬಿಡುತ್ತದೆಂದು ಅವರಿಬ್ಬರೂ ಒಂದು ದಿನವೂ ಕೇಳಿ ತಿಳಿದುಕೊಂಡವರಲ್ಲ.

ಎಲ್ಲಿಯೂ ನಿಲ್ಲದೆ ಬರೀ ಕಡಲಲ್ಲೇ ಸಾಗಿದ ಒಂದು ದಿನ ನಡೆದದ್ದಿದು. ಮಧ್ಯಾಹ್ನದ ಊಟದ ಹಾಲು. ಮೇಜಿನ ಎದುರು ಕನ್ನಡದವರೇ ಒಬ್ಬ ದಂತವೈದ್ಯ, ಅವನ ಹೆಂಡತಿ. ಅಕ್ಕ ಬೀಗಿತ್ತಿಗೆ ಸೂಪು ತರಲು ಎದ್ದು ಹೋಗಿದ್ದಳು. ಬಟ್ಟಲು ಹಿಡಿದು ತಿರುಗಿ ಬರುವಾಗ ಕಂಬದ ಆಚೆಯಿಂದ ಮಾತು ಕೇಳಿಸಿತು.

“ಅಕ್ಕ ಯಾಕೆ ಮದ್ವೆ ಆಗ್ಲಿಲ್ಲ ಅಂದ್ರಲ್ಲ? ಒಬ್ಬ ಬಂದಿದ್ದ ರೀ!” ತಮ್ಮನ ಹೆಂಡತಿಯ ದನಿ. “ಕನ್ನಡಕದ ಅಂಗಡಿಯವನು. ಇವರು ಏನು ಮಾಡಿದ್ರು ಗೊತ್ತಾ? ಗೇಟಲ್ಲೇ ನಿಲ್ಲಿಸಿ, ‘ಅವಳಿಗೆ ಮೂರ್ಛೆ ರೋಗ ಕಣಪ್ಪ, ನಿಂತ್ನಿಂತಲ್ಲೇ ಬೀಳ್ತಾಳೆ’ ಅಂದುಬಿಟ್ರಂತೆ. ಪಾಪ, ಅವನು ಓಡಿದ್ದೇ ಓಡಿದ್ದು!”

“ಅಯ್ಯೋ, ಯಾಕೆ ಹಾಗೆ?” ದಂತವೈದ್ಯನ ಹೆಂಡತಿ.

“ಮತ್ತೆ ನಮ್ಮತ್ತೇನ ನೋಡ್ಕೊಳ್ಳೋರು ಯಾರು? ಇವರಿಗೆ ಆಗತಾನೆ ಬೇರೆ ಊರಲ್ಲಿ ಕೆಲಸ ಸಿಕ್ಕಿತ್ತು.”

“ಹಳೇ ಪುರಾಣ ಬಿಡೇ,” ಎಂದ ತಮ್ಮ, ದಂತವೈದ್ಯನ ಎದುರಿಗೇ ಹಲ್ಲಿನಲ್ಲಿ ಸಿಕ್ಕಿದ್ದನ್ನು ಉಗುರಿನಿಂದ ಕೀಳುತ್ತ. ದನಿಯಲ್ಲಿ ನಗುವಿತ್ತು. ಬಾಲ್ಯದ ತುಂಟತನವೊಂದನ್ನು ಯಾರೋ ನೆನಪಿಸಿದಾಗ ಬರುವ ನಗು.

ಅಕ್ಕನ ಕೈಯಲ್ಲಿದ್ದ ಸೂಪು ಒಂದು ಹನಿಯೂ ತುಳುಕಲಿಲ್ಲ. ಮೇಜಿಗೆ ಬಂದಳು, ಬಟ್ಟಲು ಇಟ್ಟಳು, ಬೀಗಿತ್ತಿಯ ಕೊರಳಿಗೆ ಬಟ್ಟೆ ಸಿಕ್ಕಿಸಿದಳು.

“ಬಿಸಿ ಇದೆ, ಊದಿ ಕುಡೀರಿ.”

ಕನ್ನಡಕದ ಅಂಗಡಿಯವನು ಸಂಜೆ ಅಂಗಡಿ ಮುಚ್ಚಿ ನಿಲ್ದಾಣಕ್ಕೆ ಬರುತ್ತಿದ್ದ. ತನ್ನ ಬಸ್ಸನ್ನು ಅಕ್ಕ ಕೂಗಿದರೂ ಏಳುತ್ತಿರಲಿಲ್ಲ. ಒಂದು ದಿನ ಗಾಜಿನ ತೂತಿನ ಹತ್ತಿರ ಬಾಯಿಟ್ಟು ಕೇಳಿದ್ದ: “ನೀವು ನಮ್ಮೂರಿನ ಹೆಸರನ್ನ ಇನ್ನೊಂದು ಸಲ ಹೇಳ್ತೀರಾ?” ಹೀಗೆಯೇ ಶುರುವಾದದ್ದು. ಮನೆಗೆ ಬಂದು ಕೇಳುತ್ತೇನೆ ಎಂದವನು ಆಮೇಲೆ ನಿಲ್ದಾಣಕ್ಕೂ ಬರಲಿಲ್ಲ. ಅವಳು ಮೈಕಿನಲ್ಲಿ ಆ ಊರಿನ ಹೆಸರನ್ನು ನಿವೃತ್ತಳಾಗುವ ತನಕ ಕೂಗಿದಳು. ತನ್ನ ಹಲ್ಲು ಸ್ವಲ್ಪ ಮುಂದಿದೆ, ಅದಕ್ಕೇ ಇರಬೇಕು ಎಂದುಕೊಂಡಳು. ಅಷ್ಟು ವರ್ಷ ಕನ್ನಡಿಯಲ್ಲಿ ತನ್ನ ಹಲ್ಲನ್ನೇ ಬೈದುಕೊಂಡಿದ್ದಳು.

ಆ ಮಧ್ಯಾಹ್ನವೇ ಅವಳು ತೀರ್ಮಾನಿಸಿದಳು. ಆದರೂ ಮುಂದಿನ ಬಂದರಿನಲ್ಲಿ ಹೊತ್ತಾಗುತ್ತಲೇ ಕೈ ತಾನಾಗಿ ಫೋನಿಗೆ ಹೋಯಿತು, ಬಾಯಿ ತಾನಾಗಿ “ಹೊರಡ್ರಪ್ಪಾ” ಎಂದಿತು. ಇಟ್ಟ ಮೇಲೆ ಅವಳಿಗೆ ತನ್ನ ಕೈಯನ್ನೇ ಬಾಗಿಲಿನ ಸಂದಿಗೆ ಕೊಟ್ಟು ಜಜ್ಜಬೇಕೆನಿಸಿತು. ಸೇಡು ತೀರಿಸಿಕೊಳ್ಳುವುದಕ್ಕೂ ಅಭ್ಯಾಸ ಬೇಕು. ಅವಳಿಗಿದ್ದದ್ದು ಎಬ್ಬಿಸುವ ಅಭ್ಯಾಸ ಒಂದೇ.

ಅದರ ಮುಂದಿನ ಊರು ದೊಡ್ಡದು. ಬಂದರಿನಿಂದ ಪೇಟೆ ದೂರ. ನಡುವೆ ಉದ್ದದ ಸೇತುವೆ, ಸೇತುವೆಯ ಮೇಲೆ ಇರುವೆಸಾಲಿನಂತೆ ಕಾರುಗಳು. ತಮ್ಮ ಹೊಸ ಟೋಪಿ ಹಾಕಿದ, ಅವನ ಹೆಂಡತಿ ಕಪ್ಪು ಕನ್ನಡಕ ಏರಿಸಿದಳು.

“ನಾನೂ ಬರ್ತೀನಿ ಕಣೇ,” ಎಂದಳು ಬೀಗಿತ್ತಿ.

“ಅಮ್ಮಾ, ಈ ಕುರ್ಚಿ ತಳ್ಕೊಂಡು ಆ ಗುಡ್ಡ ಯಾರು ಹತ್ತೋರು? ಫೋಟೋ ತೋರಿಸ್ತೀನಿ ಬಿಡು.”

“ಫೋಟೋ ನೋಡೋಕೆ ಇಷ್ಟು ದೂರ ಬರಬೇಕಿತ್ತಾ? ಮನೇಲಿ ಕ್ಯಾಲೆಂಡರ್ ಇರಲಿಲ್ವಾ?” ಎಂದಳು ಬೀಗಿತ್ತಿ. ಅಷ್ಟರಲ್ಲಿ ಬಾಗಿಲು ಹಾಕಿಕೊಂಡಿತ್ತು.

ಅಕ್ಕ ಇಸ್ಪೀಟು ಹಂಚಿದಳು. ಆಟದ ನಡುವೆ ಫೋನು ಬಂತು. ತಮ್ಮನ ದನಿಯ ಹಿಂದೆ ಗಾಳಿ, ಜನ.

“ಅಕ್ಕ, ಇಲ್ಲೊಂದು ಗೋಪುರ ಇದೆ. ಇವಳು ಹತ್ತಲೇಬೇಕಂತೆ, ಸಾಲು ಉದ್ದ ಇದೆ. ಟೈಮಿದೆ ತಾನೆ?”

ಅಕ್ಕ ಗೋಡೆಯ ಗಡಿಯಾರ ನೋಡಿದಳು. ಈಗಿಂದೀಗ ಹೊರಟರೆ ಸೇತುವೆ ದಾಟಿ ನೆಮ್ಮದಿಯಾಗಿ ಬಂದು ಸೇರಬಹುದಿತ್ತು. ಸುಮ್ಮನಿದ್ದುಬಿಡುವುದೆಂದು ಅವಳು ಎಣಿಸಿದ್ದಳು. ಬಾಯಿಬಿಟ್ಟು ಸುಳ್ಳು ಹೇಳಬೇಕಾದೀತೆಂದು ಎಣಿಸಿರಲಿಲ್ಲ. ಒಂದು ಉಸಿರು ಒಳಗೆ ಹೋಗಿ ಹೊರಗೆ ಬರುವಷ್ಟು ಹೊತ್ತು ಅವಳು ಹಳೆಯ ಅಕ್ಕನೇ ಆಗಿದ್ದಳು. ಆಮೇಲೆ ಗೇಟಿನ ಹತ್ತಿರ ನಿಂತು ಒಬ್ಬನ ಹೆಗಲ ಮೇಲೆ ಕೈಯಿಟ್ಟು ‘ಮೂರ್ಛೆ ರೋಗ ಕಣಪ್ಪ’ ಎನ್ನುತ್ತಿರುವ ಹುಡುಗನೊಬ್ಬ ಕಣ್ಣಿಗೆ ಕಂಡ. ಆ ಹುಡುಗನಿಗೂ ಅಂದು ಒಂದು ಉಸಿರಿನಷ್ಟು ಹೊತ್ತು ಸಿಕ್ಕಿತ್ತಲ್ಲ?

“ಹತ್ತಿ, ಹತ್ತಿ,” ಎಂದಳು, ಮೈಕಿನ ದನಿಯಲ್ಲಿ, ಸ್ಪಷ್ಟವಾಗಿ. “ಆರಾಮಾಗಿ ನೋಡ್ಕೊಂಡು ಬನ್ನಿ. ನಾನಿದ್ದೀನಲ್ಲ, ಫೋನ್ ಮಾಡ್ತೀನಿ.”

ಬೀಗಿತ್ತಿ ಎಲೆಗಳ ಮೇಲಿಂದ ಅವಳನ್ನು ನೋಡಿದಳು. ಒಂದು ಎಲೆ ಎಸೆದಳು.

ಹೊತ್ತು ಬಂತು, ಹೊತ್ತು ದಾಟಿತು. ಮೇಲಿನ ಸ್ಪೀಕರಿನಲ್ಲಿ ಒಬ್ಬ ಗಂಡಸು ಏನೋ ಕೂಗಿದ. ಅಕ್ಕ ಕಿವಿಗೊಟ್ಟು ಕೇಳಿದಳು: ಅವಸರ ಜಾಸ್ತಿ, ಹೆಸರುಗಳನ್ನು ನುಂಗುತ್ತಾನೆ, ನಿಲ್ದಾಣದಲ್ಲಾಗಿದ್ದರೆ ಒಂದು ವಾರ ನಿಲ್ಲುತ್ತಿರಲಿಲ್ಲ. ನುಂಗಿದರೂ ತಮ್ಮನ ಹೆಸರು ಗೊತ್ತಾಯಿತು. ಅಷ್ಟರಲ್ಲಿ ಅವಳ ಫೋನೇ ಹೊಡೆದುಕೊಂಡಿತು. ಕೆಳಗಿನ ಕೌಂಟರಿನವರು. ಹೊತ್ತಿಗೆ ಬಾರದ ಪ್ರಯಾಣಿಕರಿಗೆ ಹಡಗಿನವರು ಫೋನು ಮಾಡುವುದಿತ್ತು. ಬುಕ್ಕಿಂಗಿನಲ್ಲಿ ತಮ್ಮ ತನ್ನ ನಂಬರು ಬರೆಸುವಲ್ಲಿ ಅಕ್ಕನದನ್ನು ಬರೆಸಿದ್ದ. ಯಾರು ಎಲ್ಲಿಗೆ ಕರೆದರೂ ತನ್ನನ್ನು ಏಳಿಸುವವಳು ಅವಳೇ ತಾನೆ ಎಂದು. ಅಕ್ಕನಿಗೆ ಇದು ಗೊತ್ತಿರಲಿಲ್ಲ. ಗೊತ್ತಾದಾಗ ನಗು ಬಂತು, ಎದೆಯ ತಳದಿಂದ, ಉಪ್ಪು ನೀರು ಏರಿದ ಹಾಗೆ.

ಸಮವಸ್ತ್ರದ ಹುಡುಗಿಯೊಬ್ಬಳು ಬಾಗಿಲಿಗೆ ಬಂದಳು. ಅವಳ ಇಂಗ್ಲಿಷು, ಅಕ್ಕನ ಇಂಗ್ಲಿಷು ಕುಂಟುತ್ತ ಒಂದರ ಕೈಯೊಂದು ಹಿಡಿದು ನಡೆದವು. ಅವರು ಬಂದಿಲ್ಲ. ಏಣಿ ಎತ್ತುವ ಹೊತ್ತಾಯಿತು. ಅವರ ಪಾಸ್‌ಪೋರ್ಟ್ ಕೊಟ್ಟರೆ ಬಂದರಿನ ಏಜೆಂಟನ ಹತ್ತಿರ ಬಿಟ್ಟು ಹೋಗುತ್ತೇವೆ. ಮುಂದಿನ ಊರಿಗೆ ವಿಮಾನದಲ್ಲಿ ಬಂದು ಸೇರಿಕೊಳ್ಳಬಹುದು, ಅವರ ಖರ್ಚಿನಲ್ಲೇ. ನೀವಿಬ್ಬರೂ ಇಳಿಯುವುದಾದರೆ ಈಗಲೇ ಹೇಳಿ.

ಅಕ್ಕ ಬೀಗಿತ್ತಿಗೆ ತಿಳಿಸಿ ಹೇಳಿದಳು. ಕಳೆದುಹೋದವಳು ಅವಳ ಮಗಳು, ಹೇಳದೆ ಆಗುತ್ತದೆಯೇ?

“ಅವಳು ಎಲ್ಲಿದ್ದಾಳಂತೆ?”

“ಗೋಪುರದ ಮೇಲೆ.”

“ಮೇಲಿದ್ದಾಳೆ ಅಂದ್ರೆ ಚೆನ್ನಾಗೇ ಇದ್ದಾಳೆ ಬಿಡು.” ಬೀಗಿತ್ತಿ ಎಲೆಗಳನ್ನು ಜೋಡಿಸಿದಳು. “ನಾನು ಇಳಿಯಲ್ಲಮ್ಮ. ಇಳಿಸೋ ಹಾಗಿದ್ರೆ ಬೆಳಗ್ಗೆ ಇಳಿಸಬೇಕಿತ್ತು.”

ಅಕ್ಕ ಕಪಾಟಿನಿಂದ ಎರಡು ಪಾಸ್‌ಪೋರ್ಟ್ ತೆಗೆದುಕೊಟ್ಟಳು. ತಮ್ಮನ ಹೆಂಡತಿಯ ರಕ್ತದೊತ್ತಡದ ಮಾತ್ರೆಯನ್ನೂ ಒಂದು ಲಕೋಟೆಗೆ ಹಾಕಿದಳು. ಸಾಯಲಿ ಎಂದೇನೂ ಅವಳು ಬಯಸಿರಲಿಲ್ಲ. ಬದುಕಿ ನರಳಲಿ ಎಂದಷ್ಟೇ. ಬಟ್ಟೆ ಕೊಡಬೇಕೇ ಎಂದು ಹುಡುಗಿ ಕೇಳಿದಳು. “ಬೇಡ. ಹಾಕ್ಕೊಂಡಿದ್ದಾರೆ,” ಎಂದಳು ಅಕ್ಕ.

ಹಡಗಿಗೂ ದಡಕ್ಕೂ ನಡುವೆ ನೀರು ಕಾಣಿಸಿಕೊಂಡ ಮೇಲೆ ತಮ್ಮನ ಫೋನು ಬಂತು. ಅವಳು ಬಾಲ್ಕನಿಗೆ ಹೋಗಿ ಎತ್ತಿದಳು. ಕೆಳಗೆ, ಬೇಲಿಯ ಒಳಗೆ, ಹೊಸ ಟೋಪಿಯೊಂದು ಓಡುತ್ತಿತ್ತು. ಹಿಂದೆ ಚಪ್ಪಲಿ ಕೈಯಲ್ಲಿ ಹಿಡಿದ ಹೆಂಗಸು.

“ಅಕ್ಕಾ! ಹಡಗು ಹೋಗ್ತಾ ಇದೆ! ನಿಲ್ಸೋಕೆ ಹೇಳು! ಯಾಕೆ ಫೋನ್ ಮಾಡ್ಲಿಲ್ಲ ನೀನು?”

“ಮೂರ್ಛೆ ಹೋಗಿದ್ದೆ ಕಣೋ,” ಎಂದಳು ಅಕ್ಕ. “ನಿಂತ್ನಿಂತಲ್ಲೇ ಬಿದ್ದುಬಿಟ್ಟೆ. ಮೊದಲಿಂದಲೂ ಇದೆಯಲ್ಲ, ನಿನಗೆ ಗೊತ್ತಿರೋದೇ.”

ಟೋಪಿ ಓಡುವುದನ್ನು ನಿಲ್ಲಿಸಿತು. ಫೋನಿನಲ್ಲಿ ಅವನ ಏದುಸಿರು ಮಾತ್ರ ಕೇಳುತ್ತಿತ್ತು. ಇಷ್ಟು ವರ್ಷದಲ್ಲಿ ಯಾರೂ ಎಬ್ಬಿಸದೆ ಅವನು ತಾನಾಗಿ ಎಚ್ಚರವಾದದ್ದು ಇದೇ ಮೊದಲೆಂದು ಅಕ್ಕನಿಗೆ ತೋರಿತು. ಅವಳು ಆ ಏದುಸಿರನ್ನು ತಂಪು ಶರಬತ್ತಿನ ಹಾಗೆ ಗುಟುಕು ಗುಟುಕಾಗಿ ಕುಡಿದಳು.

“ಅಕ್ಕ... ನಾನಲ್ಲ. ಅಮ್ಮ ಹೇಳು ಅಂದಿದ್ದು. ದೇವರಾಣೆ ಅಮ್ಮನೇ ಹೇಳಿಸಿದ್ದು.”

ನೀರು ಅಗಲವಾಗುತ್ತಿತ್ತು. ಅಕ್ಕ ಕಂಬಿ ಹಿಡಿದುಕೊಂಡಳು. ಕನ್ನಡಕದವನು ಬರುವುದನ್ನು ನಿಲ್ಲಿಸಿದ ವಾರ ಅಮ್ಮ ಅವಳಿಗೆ ಸುಮ್ಮಸುಮ್ಮನೆ ಹೊಸ ಸೀರೆಯೊಂದನ್ನು ತೆಗೆಸಿಕೊಟ್ಟಿದ್ದಳು. “ಹೋಗ್ಲಿ ಬಿಡು, ಕನ್ನಡಕ ಮಾರೋನಿಗೇ ಕಣ್ಣು ಕಾಣಲ್ಲ” ಎಂದು ತಲೆ ಬಾಚಿದ್ದಳು. ಆ ತಲೆ ಬಾಚಿದ ಕೈಯನ್ನು ಅವಳು ಕೊನೆಯ ದಿನದವರೆಗೆ ತೊಳೆದಿದ್ದಳು, ಒರೆಸಿದ್ದಳು, ಉಗುರು ಕತ್ತರಿಸಿದ್ದಳು.

“ಹಾಗಿದ್ರೆ ಅಮ್ಮನಿಗೇ ಫೋನ್ ಮಾಡು,” ಎಂದಳು. “ಹಡಗು ಯಾವಾಗ ವಾಪಸು ಬರುತ್ತೆ ಅಂತ ಅವಳನ್ನೇ ಕೇಳು.”

ಇಟ್ಟಳು. ಮತ್ತೆ ಬಂತು, ಈ ಸಲ ತಮ್ಮನ ಹೆಂಡತಿ. ಅಕ್ಕ ಫೋನನ್ನು ಬೀಗಿತ್ತಿಯ ಕಿವಿಗೆ ಹಿಡಿದಳು. “ಹೂಂ... ಹೂಂ... ಅಳಬೇಡ... ನಾನು ಚೆನ್ನಾಗಿದ್ದೀನಿ. ಆ ಊರು ಚೆನ್ನಾಗಿದೆ ಅಂದ್ಯಲ್ಲ, ನೋಡ್ಕೊಂಡು ಬನ್ನಿ. ಫೋಟೋ ತೆಗೀರಿ,” ಎಂದು ಬೀಗಿತ್ತಿ ಮುಖ ಆಚೆ ತಿರುಗಿಸಿದಳು.

ತಮ್ಮ ಹೇಳಿದ್ದು ನಿಜವಿರಬಹುದು. ಅಕ್ಕ ಅದನ್ನು ಎಲ್ಲ ಮಗ್ಗುಲಿನಿಂದಲೂ ತಿರುಗಿಸಿ ನೋಡಿದಳು, ಮತ್ತು ನಂಬದಿರಲು ನಿರ್ಧರಿಸಿದಳು. ನಂಬಿದರೆ ಸಿಟ್ಟನ್ನು ಅಮ್ಮನ ಬೂದಿಯ ಮೇಲೆ ಸುರಿಯಬೇಕಾಗುತ್ತಿತ್ತು, ಅವಳಿಗೆ ಮೈಯಲ್ಲಿ ರಕ್ತವಿರುವ ಒಬ್ಬ ಬೇಕಿತ್ತು. ಅವನು ದಡದಲ್ಲಿ ಚುಕ್ಕೆಯಾಗುತ್ತಿದ್ದ. ಇಷ್ಟು ಬೇಗ ಚುಕ್ಕೆಯಾದನಲ್ಲ ಎಂದು ಅವಳಿಗೆ ನಷ್ಟವಾದಂತೆನಿಸಿತು. ಎಲ್ಲ ಇಷ್ಟಕ್ಕೇ ಮುಗಿಯುವುದೆಂದರೆ ತೀರಾ ಅಗ್ಗವಾಯಿತು.

ಅವಳು ಕೆಳಗಿನ ಕೌಂಟರಿಗೆ ಹೋಗಿ ಮುಂದಿನ ಊರಿನ ಹಡಗಿನ ಬಸ್ಸಿಗೆ ಎರಡು ಟಿಕೆಟ್ ಕೇಳಿದಳು, ಒಂದು ಗಾಲಿಕುರ್ಚಿಯದು. ಇಡೀ ದಿನದ ಸುತ್ತು. ನಿಮ್ಮವರು ಮಧ್ಯಾಹ್ನದ ಹೊತ್ತಿಗೆ ಅಲ್ಲಿಗೆ ಬಂದು ಸೇರಬಹುದು, ಅವರಿಗೂ ತೆಗೆದಿಡಲೇ ಎಂದು ಸಮವಸ್ತ್ರದ ಹುಡುಗಿ ಕೇಳಿದಳು.

“ಅವರು ನೋಡಿ ಸುಸ್ತಾಗಿರ್ತಾರೆ,” ಎಂದಳು ಅಕ್ಕ. “ಒಂದು ಕೆಲಸ ಮಾಡಮ್ಮ. ನಾವು ಬರೋವರೆಗೂ ಅವರಿಗೆ ಕ್ಯಾಬಿನ್ ಬಾಗಿಲು ತೆಗೆಯಬೇಡ. ಒಳಗೆ ನಮ್ಮ ಬೀಗಿತ್ತಿಯ ಮಾತ್ರೆಗಳಿವೆ, ಯಾರನ್ನೂ ಬಿಡೋ ಹಾಗಿಲ್ಲ ಅಂತ ಹೇಳು.”

ಹುಡುಗಿ ಸರಿ ಎಂದು ತಲೆಯಾಡಿಸಿದಳು. ಮುಂದಿನ ಊರಿನಲ್ಲಿ ಬಿಸಿಲು ಜೋರಿರುತ್ತದೆ, ಟೋಪಿ ತನ್ನಿ ಎಂದೂ ಹೇಳಿದಳು. ಅಕ್ಕ ಹಡಗಿನ ಅಂಗಡಿಗೆ ಹೋಗಿ, ಅಗಲ ಅಂಚಿನ ಟೋಪಿಗಳನ್ನು ಒಂದೊಂದಾಗಿ ತಲೆಗಿಟ್ಟುಕೊಂಡು ಕನ್ನಡಿಯ ಮುಂದೆ ಬಹಳ ಹೊತ್ತು ನಿಂತಳು. ಚೀಲದಲ್ಲಿ ಫೋನು ಹೊಡೆದುಕೊಳ್ಳುತ್ತಲೇ ಇತ್ತು. ಕೆಂಪು ರಿಬ್ಬನ್ನಿನದು ತನಗೊಪ್ಪುತ್ತದೆಯೇ ಎಂದು ಅವಳು ಅಂಗಡಿಯವಳನ್ನು ಕೇಳಿದಳು.